ತೇಪೆಗೆ ಎತ್ತಿಟ್ಟ ತುಂಡುಗಳು

ಶಿವರಾತ್ರಿ ಕಳೆದ ಮೇಲೆ ಕೊಳ್ಳೇಗಾಲದ ನಮ್ಮ ಮನೆಯಲ್ಲಿ ಅಟ್ಟದ ಮೇಲಿನ ಬಟ್ಟೆಗಂಟುಗಳು ಕೆಳಗಿಳಿಯುತ್ತವೆ. ಯುಗಾದಿಗೆ ಮನೆ ತೊಳೆಯುವ ಮುಂಚೆ ಹಳೆಯ ಸೀರೆ, ಪಂಚೆ, ಲಂಗ, ಅಪ್ಪನ ಕಾಲರ್ ಸವೆದ ಅಂಗಿ ಎಲ್ಲವನ್ನೂ ಅವ್ವ ಬಿಸಿಲಿಗೆ ಹರವುತ್ತಾಳೆ. ಹೊಲಿಯಲು ಬರುವುದು ಒಂದು ಕಡೆ, ನೆಲ ಒರೆಸಲು ಹೋಗುವುದು ಇನ್ನೊಂದು ಕಡೆ. ಅವಳ ತವರು ಯಳಂದೂರು ಕಡೆಯ ಹೊನ್ನೂರು. ಅವರೂ ನಮ್ಮಂತೆ ನೇಯ್ಗೆಯವರೇ. ಆದರೆ ತಾತನ ಕಾಲಕ್ಕೇ ಮಗ್ಗ ಬಿಟ್ಟು ಭತ್ತ, ಕಬ್ಬು ಹಿಡಿದವರು. ಹೊಲದ ಕೆಲಸ ಸಡಿಲವಾಗುವ ಈ ದಿನಗಳಲ್ಲಿ ಅಲ್ಲಿನ ಹೆಂಗಸರು ತೆಂಗಿನ ನೆರಳಿನಲ್ಲಿ ಕುಳಿತು ಹಳೆ ಬಟ್ಟೆಯ ತುಂಡುಗಳಿಂದ ಹೊದಿಕೆ ಹೊಲಿಯುತ್ತಿದ್ದರು. ಅವ್ವ ಅದನ್ನು ಬೊಂತೆ ಎನ್ನುತ್ತಾಳೆ. ನಾನು ಕೆಲಸ ಮಾಡುವ ಮೈಸೂರಿನ ಪತ್ರಿಕೆಯಲ್ಲಿ ಕೌದಿ ಎಂದು ಬರೆಯುತ್ತೇವೆ. ಇಲ್ಲಿ ಅವಳ ಮಾತನ್ನೇ ಉಳಿಸಿಕೊಳ್ಳುತ್ತೇನೆ.

ಹಿಂದಿನ ವರ್ಷ ಗಂಟು ಇಳಿಸಿದಾಗ ಅದರಲ್ಲಿ ನನ್ನ ತಂಗಿಯ ಬಟ್ಟೆಗಳಿದ್ದವು.

ತಂಗಿ ಅದಕ್ಕೆ ಮುಂಚಿನ ಮಳೆಗಾಲದ ಕೊನೆಗೆ ಕಾಮಾಲೆಯಿಂದ ತೀರಿಕೊಂಡಿದ್ದಳು. ಹನೂರು ದಾಟಿ ಕಾಡಿನ ಅಂಚಿನಲ್ಲಿರುವ ಹೂಗ್ಯಂಗೆ ಅವಳನ್ನು ಕೊಟ್ಟಿದ್ದೆವು. ಗಂಡನಿಗೆ ಹನೂರಿನ ಗೊಬ್ಬರದ ಅಂಗಡಿಯಲ್ಲಿ ಕೆಲಸ, ಉಳಿದ ಹೊತ್ತು ಹೊಲ. ಒಬ್ಬಳೇ ಮಗಳು, ಇನ್ನೂ ಅಂಗನವಾಡಿಯ ವಯಸ್ಸು. ತಿಥಿ ಮುಗಿದ ಮಧ್ಯಾಹ್ನ ಅವ್ವ ಮಗುವನ್ನು ಕಂಕುಳಿಗೆ ಎತ್ತಿಕೊಂಡು ಕೊಳ್ಳೇಗಾಲದ ಬಸ್ಸು ಹತ್ತಿದಳು. ಯಾರೂ ಬೇಡ ಎನ್ನಲಿಲ್ಲ. ಎಷ್ಟು ದಿನಕ್ಕೆ ಎಂದೂ ಯಾರೂ ಕೇಳಲಿಲ್ಲ. ಆಮೇಲೆ ಮಗು ನಮ್ಮ ಮನೆಯದೇ ಆಯಿತು. ಅಪ್ಪ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕುಳಿತರೆ ಅದೂ ಪಕ್ಕದಲ್ಲಿ ಕಾಲು ಇಳಿಬಿಟ್ಟು ಕೂರುತ್ತಿತ್ತು. ಲಾಳಿ ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ ತಲೆ ತಿರುಗಿಸುತ್ತಿತ್ತು.

ಬಟ್ಟೆ ಹರವಿದ್ದ ದಿನವೇ ತಂಗಿಯ ಗಂಡ ಬಂದ. ನನಗಿಂತ ಚಿಕ್ಕವನಾದರೂ ಅವನನ್ನು ನಾನು ಭಾವ ಎಂದೇ ಕರೆಯುವುದು. ನಾನು ವಾರದ ರಜೆಗೆ ಊರಿಗೆ ಬಂದಿದ್ದೆ, ಹಾಗಾಗಿ ಮಾತು ನನ್ನೆದುರಿಗೇ ನಡೆಯಿತು. ಅವನು ಮಗುವಿಗೆ ಬಿಸ್ಕತ್ತಿನ ಪೊಟ್ಟಣ ಕೊಟ್ಟು, ಅದು ಹಿತ್ತಲಿಗೆ ಓಡುವವರೆಗೆ ಕಾದು, ಬಾಗಿಲ ಪಕ್ಕದ ಹಲಗೆಯ ಮೇಲೆ ಕುಳಿತ.

"ಯುಗಾದಿ ಕಳುದ್ಮ್ಯಾಲೆ ಮದ್ವೆ ಇಟ್ಕಂಡವ್ರೆ ಅತ್ತೆ. ಪಾಲಾರ್ ಕಡೆ ಎಣ್ಣು. ಅವ್ವನ ಕೈಲಿ ಆಯ್ತಾ ಇಲ್ಲ, ಮನೆ ನೋಡ್ಕಳರು ಬೇಕಲ್ಲ."

ಅಪ್ಪ ಮಗ್ಗ ನಿಲ್ಲಿಸಲಿಲ್ಲ. ಅವ್ವ ಕೈಯಲ್ಲಿದ್ದ ಲಂಗವನ್ನು ಒದರಿ ಮಡಿಸಿದಳು.

"ಆಗ್ಲಿ ಕನಪ್ಪ. ನಿಂಗೂ ವಯ್ಸದೆ."

"ಮಗೀನ ಕರ್ಕಂಡೋಯ್ತೀನಿ ಅತ್ತೆ."

ಮಗ್ಗ ಆಗ ನಿಂತಿತು. ಅವ್ವ ಮಾತ್ರ ಅದೇ ದನಿಯಲ್ಲಿ ಹೇಳಿದಳು: "ಅದ್ರವ್ವನ ಬಟ್ಟೇಲಿ ಅದ್ಕೊಂದು ಬೊಂತೆ ಆಕ್ಕೊಡ್ತೀನಿ. ಮುಗುದ್ ದಿನ ಬಂದು ಕರ್ಕಂಡೋಗು."

"ಎಷ್ಟ್ ದಿನ ಆಯ್ತದೆ?"

"ಕೈ ಓಡ್ದಂಗೆ."

ಅವನು ಒಪ್ಪಿದ. ಕೆಟ್ಟವನಲ್ಲ. ಎದ್ದು ಹೋಗುವಾಗ ಹರವಿದ್ದ ಬಟ್ಟೆಗಳನ್ನು ತುಳಿಯದಂತೆ ಗೋಡೆಗೆ ಒತ್ತಿಕೊಂಡು ಹೋದ.

ನಮ್ಮಲ್ಲಿ ಸತ್ತವರ ಬಟ್ಟೆಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ತಂಗಿ ಹೂಗ್ಯಂನಲ್ಲಿ ಉಡುತ್ತಿದ್ದುದನ್ನೆಲ್ಲ ಅಲ್ಲಿಯವರೇ ಹೊಳೆಗೆ ಬಿಟ್ಟರು. ಇಲ್ಲಿ ಇದ್ದದ್ದು ಮದುವೆಗೆ ಮುಂಚಿನವು: ಹೈಸ್ಕೂಲಿನ ನೀಲಿ ಲಂಗ, ಕಾಲೇಜಿಗೆ ಹಾಕುತ್ತಿದ್ದ ಚೂಡಿದಾರ್, ಅರಿಶಿನ ಬಣ್ಣದ ದಾವಣಿ, ಮೊದಲ ಸಲ ಉಟ್ಟ ನೂಲಿನ ಸೀರೆ. ಎದುರು ಮನೆಯ ಹೆಂಗಸು ಇದು ಸರಿಯೇ ಎಂದು ಕೇಳಿದಳು. ಅವ್ವ, "ಇವು ಇಲ್ಲೇ ಇದ್ದೋ. ಸಾವು ಇವುನ್ನ ನೋಡೇ ಇಲ್ಲ" ಎಂದಳು. ಆಮೇಲೆ ಬೀದಿಯಲ್ಲಿ ಯಾರೂ ಕೇಳಲಿಲ್ಲ.

ಬೊಂತೆಗೆ ಅಡಿಗೆ ಒಂದು ಹಳೆ ಸೀರೆ ಹಾಸಿ, ನಾಲ್ಕು ಮೂಲೆಗೆ ಕಲ್ಲು ಇಟ್ಟು, ಮೇಲೆ ತುಂಡುಗಳನ್ನು ಜೋಡಿಸಿ ಹೊಲಿಯುತ್ತಾ ಹೋಗುತ್ತಾರೆ. ಹೊನ್ನೂರಿನ ರೀತಿಯಲ್ಲಿ ಹೊಲಿಗೆ ನಡುವಿನಿಂದ ಶುರುವಾಗಿ ಸುತ್ತುತ್ತಾ ಹೊರಗೆ ಬರುತ್ತದೆ. ಅಡಿಯ ಸೀರೆ ಸಾಲದಿದ್ದರೆ ಇನ್ನೊಂದನ್ನು ಕೂಡಿಸಬಹುದು. ಹೊಲಿಯುವವಳು ಸಾಕು ಎನ್ನುವವರೆಗೆ ಅದಕ್ಕೆ ಅಂಚು ಇಲ್ಲ.

ಮೊದಲ ದಿನ ಅವ್ವ ಸೂಜಿಗೆ ಪೋಣಿಸಿದ್ದು ನೂಲಿನ ದಾರ. ಅಪ್ಪ ಮಗ್ಗದಿಂದ ಎದ್ದು, ಒಳಗಿನ ಪೆಟ್ಟಿಗೆಯಿಂದ ಒಂದು ಉಂಡೆ ತಂದು ಅವಳ ಮುಂದೆ ಇಟ್ಟರು. ಕುಂಕುಮದ ಬಣ್ಣದ ರೇಷ್ಮೆ. ತಂಗಿಯ ಮದುವೆಯ ಸೀರೆಯನ್ನು ಅಪ್ಪನೇ ನೇಯ್ದಿದ್ದರು. ಬೇರೆಯವರ ಮದುವೆಗೆಂದೇ ಜೀವಮಾನವೆಲ್ಲ ನೇಯ್ದವರು ಮನೆಗೆಂದು ನೇಯ್ದ ಒಂದೇ ಸೀರೆ ಅದು. ಅದರಲ್ಲಿ ಉಳಿದ ಎಳೆಗಳನ್ನು ಹುರಿ ಮಾಡಿ ಇಟ್ಟುಕೊಂಡಿದ್ದರೆಂದು ನನಗೆ ಗೊತ್ತಿರಲಿಲ್ಲ. ಮಗಳು ಹೋದ ಮೇಲೆ ಅವರು ಅವಳ ಬಗ್ಗೆ ಮಾತನಾಡಿದ್ದೂ ಇರಲಿಲ್ಲ.

"ಇದ್ರಲ್ಲಿ ಒಲಿ. ನಿನ್ ನೂಲು ಒಂದು ಮಳೆಗಾಲ ತಡಿಯಾಕಿಲ್ಲ. ಇದು ನೋಡು, ಎಳುದ್ರೆ ಬೆಳ್ಳು ಕುಯ್ತದೆ."

"ಬೆಳ್ಳು ಕುಯ್ಯೋದು ಬಟ್ಟೆ ಕುಯ್ಯಾಕಿಲ್ವಾ?"

"ನೇಯೋರ ಮನೆ ಬೊಂತೆ ಕನಮ್ಮಿ ಇದು. ಗಟ್ಟಿ ಇರ್ಲಿ."

"ಗಟ್ಟಿ ಇರ್ಬೇಕಾದ್ದು ದಾರ ಅಲ್ಲ, ಬಟ್ಟೆ. ಸವುದೋಗಿರೋ ಬಟ್ಟೆಗೆ ಸವೆಯೋ ದಾರನೇ ಆಕ್ಬೇಕು."

ಅಪ್ಪ ಉಂಡೆಯನ್ನು ಅಲ್ಲೇ ಬಿಟ್ಟು ಮಗ್ಗಕ್ಕೆ ಹೋದರು. ಹಳೆ ನೂಲು ಬಟ್ಟೆಗೆ ರೇಷ್ಮೆ ಹಾಕಬಾರದೆಂದು ನಮ್ಮಿಬ್ಬರಿಗೂ ಚಿಕ್ಕಂದಿನಲ್ಲಿ ಗದರಿದ್ದವಳು ಅವ್ವ. ಮಗ್ಗದ ಮನೆಯ ಹುಡುಗಿಯರು ಕೈಗೆ ಸಿಕ್ಕಿದ ರೇಷ್ಮೆ ಎಳೆಯಲ್ಲಿ ಗುಂಡಿ ಹೊಲಿದು ಅಂಗಿ ಹರಿದುಕೊಳ್ಳುವುದು ನಮ್ಮ ಬೀದಿಯಲ್ಲಿ ಮಾಮೂಲು. ಅವಳು ಸ್ವಲ್ಪ ಹೊತ್ತು ಉಂಡೆಯನ್ನು ನೋಡುತ್ತಾ ಕುಳಿತಳು. ಆಮೇಲೆ ನೂಲಿನ ದಾರವನ್ನು ಸೂಜಿಯಿಂದ ಕಿತ್ತು ರೇಷ್ಮೆ ಪೋಣಿಸಿದಳು. ಗಂಡನ ಮನಸ್ಸು ನೋಯಬಾರದೆಂದು ಹಾಗೆ ಮಾಡಿದಳು ಎಂದುಕೊಂಡೆ.

ಫಾಲ್ಗುಣದ ಆ ವಾರಗಳಲ್ಲಿ ನಾನು ರಜೆ ಸಿಕ್ಕಾಗಲೆಲ್ಲ ಬಂದೆ. ರಸ್ತೆಯ ಹೊಂಗೆ ಮರಗಳು ಹೂ ಉದುರಿಸಿ ಟಾರು ಕಾಣದಂತೆ ಮಾಡಿದ್ದವು. ಬೇವು ಹೂ ಬಿಟ್ಟಿತ್ತು. ಬಂದಾಗಲೆಲ್ಲ ಬೊಂತೆ ದೊಡ್ಡದಾಗಿರುತ್ತಿತ್ತು. ಮಗುವಿಗೆಂದು ಹಾಸಿದ್ದ ಅಡಿ ಸೀರೆಗೆ ಅವ್ವ ಅಪ್ಪನ ಪಂಚೆ ಕೂಡಿಸಿದಳು. ತಂಗಿಯ ಬಟ್ಟೆ ಮುಗಿದ ಮೇಲೆ ತನ್ನ ಸೀರೆ ಹಾಕಿದಳು, ಆಮೇಲೆ ನನ್ನದು. ಮಗು ಅದರ ನಡುವೆ ಅಂಗಾತ ಮಲಗಿ ಕೈಕಾಲು ಚಾಚುತ್ತಿತ್ತು.

"ಅಜ್ಜಿ, ತುದಿ ಸಿಕ್ತಾನೇ ಇಲ್ಲ."

"ನೀನ್ ಬೆಳಿಯಾಕಿಲ್ವಾ?"

"ನಾನು ಆನೆ ಆದ್ರೂ ಸಿಕ್ಕಾಕಿಲ್ಲ."

ಎದುರು ಮನೆಯವಳು ಬಾಗಿಲಲ್ಲಿ ನಿಂತು ನಕ್ಕಳು. "ಏನಕ್ಕ, ಬೊಂತೆ ಮಗೀಗೋ ಮದ್ವೆ ಚಪ್ರಕ್ಕೋ?"

"ನಿನ್ ಬಾಯಿಗೂ ಒಂದ್ ತುಂಡು ಉಳ್ಸಿವ್ನಿ, ಬಾ," ಎಂದಳು ಅವ್ವ, ಸೂಜಿಯಿಂದ ಕಣ್ಣೆತ್ತದೆ.

ಯುಗಾದಿ ಬಂತು, ಹೋಯಿತು. ಭಾವನ ಮದುವೆಯೂ ಆಯಿತು. ನಮ್ಮನ್ನು ಕರೆದಿದ್ದರು, ನಾವು ಹೋಗಲಿಲ್ಲ. ಫೋನಿನಲ್ಲಿ ಅವನು ಕೇಳುವುದು ಒಂದೇ ಮಾತು: "ಮುಗೀತಾ ಅತ್ತೆ?" ಅವಳು ಹೇಳುವುದೂ ಒಂದೇ: "ಇನ್ನೊಂದ್ ಸುತ್ತು ಅದೆ."

ಆ ಸುತ್ತು ಮುಗಿದದ್ದು ಮಗುವಿನಿಂದ. ಹೂಗ್ಯಂನ ಮನೆಯಲ್ಲಿ ಮೇಕೆ ಮರಿ ಹಾಕಿದೆ, ಹಣೆಯ ಮೇಲೆ ಬಿಳಿ ಚುಕ್ಕೆ ಇದೆ ಎಂದು ಭಾವ ಫೋನಿನಲ್ಲಿ ಮಗುವಿಗೆ ಹೇಳಿದ. ಫೋನು ಇಟ್ಟ ಮೇಲೆ ಅದು ಬಂದು ಅವ್ವನ ಮೊಣಕಾಲ ಮೇಲೆ ಗಲ್ಲ ಊರಿ ನಿಂತಿತು.

"ಅಜ್ಜಿ, ಸಾಕು ಬುಡು. ಮುಚ್ಬುಡು."

ಅವ್ವನ ಕೈ ನಿಂತಿತು. "ಯಾಕ್ ಕೂಸೆ?"

"ಮರಿ ದೊಡ್ಡದಾಗೋಯ್ತದೆ. ಅಷ್ಟೊತ್ಗೆ ನಾನ್ ಓಗ್ಬೇಕು."

ಅವ್ವ ಅಂಚು ಮಡಿಸತೊಡಗಿದಳು. ಕೊನೆಯ ಮೂಲೆ ಮುಚ್ಚುವ ಮುಂಚೆ ಅದರೊಳಗೆ ಒಂದು ಚಿಟಿಕೆ ಅಕ್ಕಿ ಹಾಕುವುದು ಹೊನ್ನೂರಿನ ಪದ್ಧತಿ. ಬೊಂತೆಯ ಹೊಟ್ಟೆ ಬರಿದಾಗಿದ್ದರೆ ಹೊದ್ದವರಿಗೆ ಹಸಿವು ಎನ್ನುತ್ತಾರೆ. ಅಕ್ಕಿಯನ್ನು ಮಗುವಿನ ಕೈಯಿಂದ ಹಾಕಿಸಿದಳು. ಅದು ಬೆಲ್ಲವನ್ನೂ ಹಾಕುತ್ತೇನೆಂದು ಹಟ ಹಿಡಿಯಿತು.

"ಇರುವೆ ಬತ್ತವೆ ಕನವ್ವ."

"ಬರ್ಲಿ. ಅವೂ ಮಲಿಕಳ್ಲಿ."

ಬೆಲ್ಲ ಹಾಕಲಿಲ್ಲ. ಅಳು ನಿಲ್ಲಿಸಲು ಅಪ್ಪ ಅದನ್ನು ಬೀದಿಯ ಕೊನೆಯವರೆಗೆ ಹೊತ್ತುಕೊಂಡು ಹೋಗಿ ಬಂದರು.

ಬೊಂತೆ ಹೊಲಿಯುವವರು ಹಾಕಿದ ಪ್ರತಿಯೊಂದು ಬಟ್ಟೆಯಿಂದಲೂ ಒಂದು ತುಂಡನ್ನು ತೇಪೆಗೆಂದು ಎತ್ತಿಡುತ್ತಾರೆ. ಅವ್ವ ಆ ತುಂಡುಗಳನ್ನು ಒಂದು ಕೈಚೀಲದಲ್ಲಿ ತುಂಬಿ ಒಳಗಿನ ಮೊಳೆಗೆ ನೇತು ಹಾಕಿದಳು. ಭಾವ ಕರೆದುಕೊಂಡು ಹೋಗಲು ಬಂದ ದಿನ ಬಸ್ ನಿಲ್ದಾಣದಲ್ಲಿ ಅವನಿಗೆ ಹೇಳಿದಳು: "ಅರಿದ್ರೆ ನೀವ್ಯಾರೂ ಮುಟ್ಬೇಡಿ. ನನ್ತಾವ್ಕೆ ತಕಂಬನ್ನಿ. ಅದೇ ಬಟ್ಟೆ ಮಡಗಿವ್ನಿ." ಮಗುವಿನ ಮುಖ ಒರೆಸುತ್ತಾ ಅದಕ್ಕೂ ಹೇಳಿದಳು: "ಬೊಂತೆ ಅರೀತು ಅಂದ್ರೆ ಸಾಕು, ಅಪ್ಪನ್ ಜೊತೇಲಿ ಬಂದ್ಬುಡು."

ಬೊಂತೆ ಎಷ್ಟು ದೊಡ್ಡದಾಗಿತ್ತೆಂದರೆ ಸೀಟಿನ ಮೇಲೆ ಮಡಿಸಿಟ್ಟಾಗ ಮಗು ಅದರ ಹಿಂದೆ ಕಾಣಲಿಲ್ಲ. ಬಸ್ಸು ಹೊರಟಾಗ ಅವ್ವ ಕೈ ಬೀಸಿದ್ದು ಬೊಂತೆಗೆ.

ಮಳೆಗಾಲ ಬಂತು. ಮೊದಲ ಸಲ ತೊಳೆದಾಗಲೇ ರೇಷ್ಮೆ ದಾರ ಹಳೆ ಬಟ್ಟೆಯನ್ನು ಕೊಯ್ಯುತ್ತದೆ ಎನ್ನುವುದು ಅವ್ವನಿಗೆ ಗೊತ್ತಿದ್ದ ಸಂಗತಿ. ಹೂಗ್ಯಂ ಬಸ್ಸಿನ ಹೊತ್ತಿಗೆ ಅವಳು ಬಾಗಿಲಿಗೆ ಬಂದು ನಿಲ್ಲುವುದನ್ನು ಎದುರು ಮನೆಯವಳು ಗಮನಿಸಿ ನನಗೆ ಹೇಳಿದಳು. ಆಯುಧಪೂಜೆಗೆ ಮಗ್ಗ ತೊಳೆದಾಗ, ದೀಪಾವಳಿಗೆ, ಸಂಕ್ರಾಂತಿಗೆ ನಾನು ಮನೆಗೆ ಬಂದೆ. ಕೈಚೀಲ ಮೊಳೆಯಲ್ಲೇ ಇತ್ತು. ಫೋನಿನಲ್ಲಿ ಮಗು ಮರಿಯ ಸುದ್ದಿ ಹೇಳುತ್ತಿತ್ತು. "ಬೊಂತೆ ಎಂಗದೆ?" ಎಂದು ಅವ್ವ ಕೇಳಿದರೆ, "ಐತೆ" ಎನ್ನುತ್ತಿತ್ತು. ಅದರ ಹಿಂದೆ ಯಾವುದೋ ಹೆಂಗಸಿನ ದನಿ, ಮೆಲ್ಲಗೆ, ಏನೋ ಹೇಳಿಕೊಡುತ್ತಿರುವಂತೆ.

ಅವರು ಬಂದದ್ದು ಈ ವರ್ಷ, ಯುಗಾದಿಯ ಮಾರನೆಯ ದಿನ. ಭಾವ, ಮಗು, ಹೊಸ ಹೆಂಡತಿ. ಮಗು ಒಂದು ಗೇಣು ಉದ್ದವಾಗಿತ್ತು. ಅಂಗಳದಿಂದಲೇ "ಪಾಟಿ!" ಎಂದು ಕೂಗಿಕೊಂಡು ಓಡಿ ಬಂತು. ಪಾಲಾರ್ ಕಡೆ ಅಜ್ಜಿಯನ್ನು ಹಾಗೆ ಕರೆಯುತ್ತಾರೆ, ತಮಿಳಿನಲ್ಲಿ. ಅವ್ವ ಅದನ್ನು ತಬ್ಬಿಕೊಂಡಳು. ಆ ಹೆಸರಿಗೆ ಓಗೊಡಲು ಮಾತ್ರ ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಹೊಸ ಹೆಂಡತಿ ಹೊಸಿಲಿನ ಆಚೆಯೇ ನಿಂತಿದ್ದಳು. ಇಪ್ಪತ್ತು ದಾಟಿದ ಹುಡುಗಿ. ಕಂಕುಳಲ್ಲಿ ಗೊಬ್ಬರದ ಅಂಗಡಿಯ ದೊಡ್ಡ ಪ್ಲಾಸ್ಟಿಕ್ ಚೀಲ. ಅಪ್ಪ, "ಒಳಕ್ ಬಾವ್ವ" ಎಂದ ಮೇಲೆ ಬಂದು, ಚೀಲದಿಂದ ಬೊಂತೆ ತೆಗೆದು ಅವ್ವನ ಮುಂದೆ ಬಿಡಿಸಿದಳು.

ಕೆಂಪು ಹೊಲಿಗೆ ಎಲ್ಲೂ ಇರಲಿಲ್ಲ. ಸುತ್ತುಗಳೆಲ್ಲ ಬಿಳಿ ನೂಲಿನಲ್ಲಿದ್ದವು. ನೀಲಿ ಲಂಗದ ಮೇಲೆ, ದಾವಣಿಯ ಮೇಲೆ, ಅಪ್ಪನ ಪಂಚೆಯ ಮೇಲೆ ನಮ್ಮ ಮನೆಯದಲ್ಲದ ಗಿಳಿಹಸಿರು ಸೀರೆಯ ತೇಪೆಗಳು.

"ಸತ್ಯಮಾ ನಾನ್ ಅರೀಲಿಲ್ಲಮ್ಮಾ," ಎಂದಳು ಹುಡುಗಿ. "ಕಲ್ ಮೇಲೆ ಒಗೀಲೂ ಇಲ್ಲ. ಸುಮ್ನೆ ನೀರ್ನಲ್ಲಿ ಅಲುಬ್ದೆ. ದಾರ ಇದ್ದ ಕಡೇಲೆಲ್ಲ ಬ್ಲೇಡ್ ಆಕ್ದಂಗೆ ಬುಟ್ಕಂಡ್ತು. ಮೊದ್ಲ ಹೆಂಡ್ತಿ ಬಟ್ಟೆ ಇವ್ಳೇ ಅರುದ್ಬುಟ್ಳು ಅಂತ ಮಾತು ಬತ್ತದೆ ಅಂತ ಭಯ ಆಗೋಯ್ತು."

"ನಾನು ಕೊಳ್ಳೇಗಾಲಕ್ ತಕಂಡೋಗುವ ಅಂದೆ," ಎಂದ ಭಾವ. "ಇವ್ಳು ಬುಡ್ಲಿಲ್ಲ ಅತ್ತೆ."

"ಎಂಗ್ ಬುಡದು? ಪಾಪ ಅದಿಲ್ದೆ ಮಲಗಾಕಿಲ್ಲ," ಎಂದಳು ಅವಳು. ಪಾಪ ಎಂದರೆ ಮಗು. "ದಿನಾ ಒಂದೊಂದ್ ಕಡೆ ಬಿಚ್ಚಿ ಒಲ್ದೆ. ಸಾಯಂಕಾಲಕ್ ಒದ್ಸಕ್ ಬೇಕಲ್ಲ."

ಸೆರಗಿನ ಗಂಟು ಬಿಚ್ಚಿ ಒಂದು ಸಣ್ಣ ಕಡ್ಡಿ ತೆಗೆದಳು. ಬೊಂತೆಯಿಂದ ಬಿಡಿಸಿದ ಕುಂಕುಮದ ರೇಷ್ಮೆಯನ್ನೆಲ್ಲ ಅದಕ್ಕೆ ಸುತ್ತಿದ್ದಳು. ಬಿಸಾಡುವ ಮನಸ್ಸು ಬರಲಿಲ್ಲ ಎಂದು ಅಪ್ಪನ ಕೈಗೆ ಕೊಟ್ಟಳು. ಅಪ್ಪ ಕಡ್ಡಿಯನ್ನು ತಿರುಗಿಸಿ ನೋಡಿದರು. "ನಂದೇ ತಪ್ಪು ಕನವ್ವ. ನಿಂದಲ್ಲ," ಎಂದರು.

ಆಗ ಮಗು, ಅಪ್ಪನ ಮಗ್ಗದ ಹಲಗೆಯ ಮೇಲೆ ಕಾಲಾಡಿಸುತ್ತಾ ಕುಳಿತಿದ್ದದ್ದು, ಯಾರೂ ಕೇಳದೆಯೇ ಹೇಳಿತು:

"ಬೊಂತೆ ಅರೀತಲ್ಲ, ಅವತ್ತು ನಾನು ಬ್ಯಾಗ್ ತುಂಬ್ಕಂಡಿದ್ದೆ. ಪಾಟಿ ಊರ್ಗೆ ಓಗಕ್ಕೆ. ಚಿತ್ತಿ ಒಲ್ದ್ಬುಟ್ಳು."

ದೂರಿನ ದನಿಯಲ್ಲಿ ಹೇಳಿದ್ದಲ್ಲ. ಮರಿ ಹುಲ್ಲು ತಿಂದಿತು ಎಂದು ಹೇಳುವಂತೆ ಹೇಳಿತು. ಚಿತ್ತಿ ಎಂದರೆ ಚಿಕ್ಕಮ್ಮ. ಆ ಹುಡುಗಿಯನ್ನು ಅದು ಹಾಗೆ ಕರೆಯುತ್ತದೆ. ಹುಡುಗಿ ಮಗುವನ್ನು ನೋಡಿದಳು, ಆಮೇಲೆ ಗಂಡನನ್ನು. ಈ ಮಾತು ಅವಳಿಗೂ ಗೊತ್ತಿರಲಿಲ್ಲ ಎನ್ನುವುದು ಮುಖದಲ್ಲಿ ಕಾಣುತ್ತಿತ್ತು. "ಏಳ್ಬಾರ್ದಾ ಕಣ್ಣು," ಎಂದಳು. ಕಣ್ಣು ಎಂದರೆ ಅವರ ಕಡೆ ಮಕ್ಕಳನ್ನು ಮುದ್ದಿನಿಂದ ಕರೆಯುವ ಮಾತು.

ಅವ್ವ ಎದ್ದು ಒಳಗೆ ಹೋದಳು. ಕಾಫಿಗೆ ನೀರಿಡುವ ನೆಪದಲ್ಲಿ ನಾನೂ ಹೋದೆ. ಅವಳು ಒಲೆ ಹಚ್ಚದೆ ಅದರ ಮುಂದೆ ನಿಂತಿದ್ದಳು.

"ಕುಯ್ತದೆ ಅಂತ ಗೊತ್ತಿದ್ದೂ ಯಾಕವ್ವಾ ರೇಷ್ಮೆ ಹಾಕಿದೆ?"

"ಅರಿದ್ರೆ ನನ್ತಾವ್ಕೆ ಬತ್ತದಲ್ಲ ಅಂತ ಆಕ್ದೆ. ಬೊಂತೆ ಬಂದ್ರೆ ಮಗೂ ಬತ್ತದಲ್ಲ ಅಂತ." ಪಾತ್ರೆಗೆ ನೀರು ಬಗ್ಗಿಸುತ್ತಾ ಹೇಳಿದಳು: "ಆ ಎಣ್ಣು ಅಷ್ಟು ಚೆನ್ನಾಗಿ ಒಲಿತದೆ ಅಂತ ನಂಗೇನ್ ಗೊತ್ತು."

ಅವಳು ಅತ್ತಳೇ ಎಂದು ನನ್ನನ್ನು ಕೇಳಿದರೆ ಹೇಳಲಾರೆ. ನನ್ನ ಕಡೆ ಬೆನ್ನಿತ್ತು.

ಹೊರಗೆ ಬಂದು ಅವ್ವ ಬೊಂತೆಯನ್ನು ಮಗುಚಿ ಹಿಂಬದಿಯ ಹೊಲಿಗೆ ನೋಡಿದಳು. ಹೊಲಿಗೆಯನ್ನು ಅಳೆಯಬೇಕಾದರೆ ಹಿಂಬದಿ ನೋಡಬೇಕೆಂದು ನಮಗೆ ಹೇಳಿಕೊಟ್ಟವಳು. ಬೆರಳಾಡಿಸಿದಳು. "ಯಾರ್ ಕಲಿಸಿದ್ರು?"

"ನಮ್ಮಮ್ಮ."

"ಸಣ್ಣಗದೆ. ಒಪ್ಪವಾಗದೆ." ಅಷ್ಟು ಹೇಳಿ, ಒಳಗಿನ ಮೊಳೆಯಿಂದ ಕೈಚೀಲ ತಂದು ಹುಡುಗಿಯ ಮಡಿಲಿಗೆ ಇಟ್ಟಳು. ಹುಡುಗಿ ಚೀಲದ ಬಾಯಿ ಬಿಡಿಸಿದಳು. ನೀಲಿ, ಅರಿಶಿನ, ಚೂಡಿದಾರಿನ ಹೂವಿನ ಬಟ್ಟೆ.

"ಅದೇ ಬಟ್ಟೆ. ಇನ್ಮ್ಯಾಲೆ ಅರಿದ್ರೆ ನೀನೇ ಆಕ್ಕೊ. ಆದ್ರೆ ಒಂದು ಮಾತು ಕನವ್ವ. ಬೊಂತೆ ಅರೀದೇ ಇದ್ರೂವೆ ಮಗೀನ ಒಂದ್ಸಲ ಕಳ್ಸು."

ಹುಡುಗಿ ತಲೆ ಆಡಿಸಿದಳು. "ನಾನೇ ಕರ್ಕಂಬತ್ತೀನಿ ಅಮ್ಮಾ," ಎಂದಳು. ಭಾವ ಬೀದಿಯ ಕಡೆ ತಿರುಗಿ ಕುಳಿತಿದ್ದ.

ಊಟ ಮಾಡಿಸಿ, ಹುಡುಗಿಗೆ ಅರಿಶಿನ ಕುಂಕುಮ ಕೊಟ್ಟು, ರವಿಕೆ ಬಟ್ಟೆ ಇಟ್ಟು ಕಳಿಸಿದೆವು. ಈ ಸಲ ಬಸ್ಸಿನಲ್ಲಿ ಬೊಂತೆ ಹುಡುಗಿಯ ಮಡಿಲಲ್ಲಿತ್ತು, ಮಗು ಕಿಟಕಿಗೆ ಕೂತಿತ್ತು. ಅವ್ವ ಕೈ ಬೀಸಿದಳು. ಮಗುವೂ ಬೀಸಿತು. ಬಸ್ಸು ತಿರುಗುವ ಮುಂಚೆಯೇ ಅದು ಮುಖ ಒಳಗೆ ತಿರುಗಿಸಿ ಹುಡುಗಿಗೆ ಏನೋ ತೋರಿಸುತ್ತಿತ್ತು.

ಅವಳು ಮಾತು ತಪ್ಪುವವಳಂತೆ ಕಾಣಲಿಲ್ಲ. ಆದರೆ ಒಂದ್ಸಲ ಎಂದು ಕೇಳಬೇಕಾಗಿ ಬಂದದ್ದು ಅವ್ವನಿಗೆ. ಹೋದ ವರ್ಷ ಅದೇ ಮಗುವಿಗೆ ಅವಳೇ ತಲೆ ಬಾಚುತ್ತಿದ್ದಳು.

ಮನೆಗೆ ಬಂದಾಗ ಅಪ್ಪ ಮಗ್ಗಕ್ಕೆ ಕೂರದೆ ಬಾಗಿಲ ಹಲಗೆಯ ಮೇಲಿದ್ದರು. ಕಡ್ಡಿಯ ರೇಷ್ಮೆ ತುಂಡು ತುಂಡಾಗಿತ್ತು. ಮಗ್ಗದ ಹೊಸ ಹಾಸಿನ ಉದ್ದೆಳೆಗಳನ್ನು ಹಳೆಯದರ ತುದಿಗೆ ಹೊಸೆದು ಕೂಡಿಸುವ ರೀತಿಯಲ್ಲಿ ಅವರು ಒಂದೊಂದನ್ನೇ ಬೂದಿ ಮುಟ್ಟಿಸಿಕೊಂಡ ಬೆರಳಲ್ಲಿ ಕೂಡಿಸುತ್ತಿದ್ದರು. ಸೂಜಿಯಲ್ಲಿ ಹೋಗಿ ಬಂದು ಜುಂಗು ಎದ್ದ ಎಳೆ ಮತ್ತೆ ಲಾಳಿಗೆ ಬಾರದು. ಅದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಏನ್ ಮಾಡೀರಿ ಅದ್ನ?" ಎಂದಳು ಅವ್ವ.

"ಏನಿಲ್ಲ."

ಅವಳು ಹಬ್ಬ ಕಳೆದರೂ ಅಂಗಳದಲ್ಲೇ ಹರವಿದ್ದ ಈ ವರ್ಷದ ಬಟ್ಟೆಗಳನ್ನು ಮಡಿಸಿ, ಗಂಟು ಕಟ್ಟಿ, ಅಟ್ಟಕ್ಕೆ ಏರಿಸಲು ನನ್ನನ್ನು ಕರೆದಳು. ಒಂದು ತುಂಡೂ ಕತ್ತರಿಸಿರಲಿಲ್ಲ. ಹೋದ ವರ್ಷದ ಬೊಂತೆಗೇ ಅರ್ಧ ಹೋಗಿದ್ದರಿಂದ ಗಂಟು ಹಗುರವಾಗಿತ್ತು. ಒಬ್ಬರೇ ಏರಿಸಬಹುದಿತ್ತು. ಆದರೂ ಅವಳು ಕೆಳಗೆ ನಿಂತು ಎರಡೂ ಕೈಯಲ್ಲಿ ಹಿಡಿದೇ ಇದ್ದಳು.